ಕಡೇ ಸಾಲಿನ ಮುರಗೆಪ್ಪ

ಮುರಗೆಪ್ಪ ಹಮಾಲನಾಗಿದ್ದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದೆ ಒಂದು ಸಲ ಅವನ ಬಗ್ಗೆ ಎರಡು ಪುಟ ಬರೆದು ಸಭೆಯಲ್ಲಿ ಓದಿದಾಗ ಈ ಮಾತು ಬಿಟ್ಟುಹೋಗಿತ್ತು. ಬಿಟ್ಟುಹೋಗಿತ್ತು ಅಂದರೆ ನಾನೇ ಬಿಟ್ಟಿದ್ದೆ.

ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುವ ಒಂದು ವಖಾರದಲ್ಲಿ ಅವನು ನಲವತ್ತೊಂದು ವರ್ಷ ಚೀಲ ಹೊತ್ತ. ಊರು ಅಕ್ಕೋಳ. ಮೊದಲು ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ, ಆಮೇಲೆ ಬಸ್ಸಿನಲ್ಲಿ, ಕಡೆಕಡೆಗೆ ಯಾರದಾದರೂ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ. ಚೀಲದ ತೂಕ ಮಾತ್ರ ಬದಲಾಗಲಿಲ್ಲ. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತಿದ್ದ. ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ನಮ್ಮ ಮಂಡಳದ ನಾಟಕಗಳೆಲ್ಲ ಕನ್ನಡದವು. ಅವನ್ನು ಪೂರ್ತಿ ಕಿವಿಯಿಂದಲೇ ಕಲಿತು, ಯಾರು ಎಲ್ಲಿ ಮಾತು ನುಂಗಿದರೂ ಹಿಡಿಯುತ್ತಿದ್ದ.

ನಾನು ಅಕ್ಕೋಳದ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದಾಗ ಅವನು ನನಗೆ ಎರಡು ವರ್ಷ ‘ರೀ’ ಹಚ್ಚಿ ಮಾತಾಡಿದ. ಮೂರನೆಯ ವರ್ಷ ‘ಲೇ’ ಹಚ್ಚಿದ. ಅದಕ್ಕೆ ಕಾರಣ ನಾಟಕ. ಊರಲ್ಲಿ ನವಯುವಕ ನಾಟ್ಯ ಮಂಡಳ ಎಂದೊಂದಿತ್ತು. ಈಗಲೂ ಇದೆ. ಅದರ ಅತಿ ಕಿರಿಯ ಸದಸ್ಯನಿಗೆ ಐವತ್ತೆರಡು ವರ್ಷ. ನಾನು ಅದಕ್ಕೆ ನಾಟಕ ಬರೆದುಕೊಡುತ್ತಿದ್ದೆ, ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಹೇಳಿಕೊಡುವ ಪ್ರಾಂಪ್ಟರ್ ಕೆಲಸವನ್ನೂ ಮಾಡುತ್ತಿದ್ದೆ. ಮುರಗೆಪ್ಪ ಪಾರ್ಟು ಮಾಡುತ್ತಿರಲಿಲ್ಲ. ಒಮ್ಮೆ ಕಾವಲುಗಾರನಾಗಿ ಒಂದು ಮಾತು ಆಡಿದ, ಅದೂ ಮರಾಠಿಯಲ್ಲಿ ಬಂತು. ಅಲ್ಲಿಂದ ಅವನು ತನ್ನ ಕೆಲಸ ಯಾವುದೆಂದು ತಾನೇ ಗೊತ್ತು ಮಾಡಿಕೊಂಡ. ತಾಲೀಮಿನ ಹೊತ್ತಿಗೆ ಜನ ಕೂರುವ ಜಾಗದಲ್ಲಿ ಕಡೇ ಸಾಲು ಎಲ್ಲಿ ಬರುತ್ತದೋ ಅಲ್ಲಿ ಹೋಗಿ ಕೂರುತ್ತಿದ್ದ. ಮಾತು ಕೇಳಿಸದಿದ್ದರೆ ಹೆಗಲ ಮೇಲಿನ ಬಿಳಿ ಟಾವೆಲ್ ಮೇಲೆತ್ತುತ್ತಿದ್ದ. ಟಾವೆಲ್ ಇಳಿಯುವವರೆಗೆ ನಟ ಅದೇ ಮಾತನ್ನು ಮತ್ತೆ ಮತ್ತೆ ಆಡಬೇಕು. ಒಬ್ಬ ಸೇನಾಪತಿ ಹನ್ನೊಂದು ಸಲ ಒಂದೇ ಕೋಟೆಯನ್ನು ಮುತ್ತಿದ್ದನ್ನು ನಾನು ನೋಡಿದ್ದೇನೆ.

ಕಡೇ ಸಾಲಿನ ಬಗ್ಗೆ ಅವನಿಗೆ ಅಷ್ಟು ಕಾಳಜಿ ಇದ್ದದ್ದಕ್ಕೆ ಕಾರಣ ಅವನ ಹೆಂಡತಿ ಗೌರಾಬಾಯಿ. ಆಕೆ ಅದೇ ವಖಾರದಲ್ಲಿ ತಂಬಾಕಿಗೆ ಜರಡಿ ಹಿಡಿಯುತ್ತಿದ್ದಳು. ಕೆಲಸ ಮುಗಿಸಿ, ಊರಿಗೆ ಬಂದು, ರೊಟ್ಟಿ ಬಡಿದು, ಮನೆಯವರಿಗೆ ಉಣ್ಣಲಿಟ್ಟು ನಾಟಕಕ್ಕೆ ಬರುವ ಹೊತ್ತಿಗೆ ಮುಂದಿನ ಜಾಗವೆಲ್ಲ ತುಂಬಿರುತ್ತಿತ್ತು. ವಖಾರದ ಹೆಣ್ಣುಮಕ್ಕಳು ಯಾವಾಗಲೂ ಹಿಂದೆಯೇ. ಅಲ್ಲಿಂದ ಬಣ್ಣ ಕಾಣುತ್ತಿತ್ತು, ಕೈ ಬೀಸುವುದು ಕಾಣುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಆಕೆ ಗಂಡನನ್ನು ಕೇಳುತ್ತಿದ್ದಳು: “ಅಂವ ಅಕಿಗಿ ಏನಂದ್ರಿ? ಕೊನಿಗೆ ಏನಾತು?” ಅವನು ಮೊದಲಿನಿಂದ ಹೇಳುತ್ತಿದ್ದ, ಎಲ್ಲರ ದನಿಯಲ್ಲೂ.

ಒಂದು ಸಲ ಅವರ ಕಟ್ಟೆಯ ಮೇಲೆ ಕೂತಿದ್ದಾಗ ಅವನು ಹೇಳುವುದು ಒಳಗಿನಿಂದ ಕೇಳಿಸಿತು. ನಾನೇ ಬರೆದ ನಾಟಕ. ಅದರಲ್ಲಿ ರಾಜ ಸಾಯುತ್ತಾನೆ. ಮುರಗೆಪ್ಪ ಹೇಳಿದ್ದರಲ್ಲಿ ರಾಜನಿಗೆ ಮೂರ್ಛೆ ಬಂದಿತ್ತು, ವೈದ್ಯ ಬಂದ, ರಾಜ ಎದ್ದು ಕೂತು ಅಂಬಲಿ ಕುಡಿದ. ಅವನು ಹೊರಗೆ ಬಂದಾಗ ಕೇಳಿದೆ.

“ರಾಜಾ ಸತ್ತಾನಲ್ಲೋ ಮುರಗ್ಯಾ?”

“ಅಕಿಗಿ ಮುಂಜಾನೆ ಐದಕ್ಕ ಏಳೂದೈತಿ. ಸತ್ತಾ ಅಂದ್ರ ಮಲಗೂದಿಲ್ಲ.”

ದನಿಯ ಬಗ್ಗೆ ಅವನಿಗೆ ತಿಳಿದದ್ದೂ ವಖಾರದಲ್ಲೇ. ಹೆಣ್ಣುಮಕ್ಕಳು ಒಂದು ತುದಿಯಲ್ಲಿ ಹಾಡುತ್ತ ಜರಡಿ ಹಿಡಿಯುತ್ತಿದ್ದರು. ಹಮಾಲರು ಇನ್ನೊಂದು ತುದಿಯಲ್ಲಿ. ಚೀಲಗಳನ್ನು ಒಟ್ಟಿದ ಥಪ್ಪಿ ಮಾಳಿಗೆಯವರೆಗೆ ಇದ್ದಾಗ ಗೌರಾಬಾಯಿ ಹಾಡಿದ ಒಂದೊಂದು ಅಕ್ಷರವೂ ಅವನಿಗೆ ಕೇಳುತ್ತಿತ್ತು. ಆಗ ಇಬ್ಬರ ಮದುವೆ ಆಗಿರಲಿಲ್ಲ, ಆದ್ದರಿಂದ ಅವನು ಗಮನ ಕೊಟ್ಟು ಕೇಳುತ್ತಿದ್ದ. ಮಾಲು ಹೋಗಿ ವಖಾರ ಖಾಲಿಯಾದ ದಿನ ಅದೇ ದನಿ, ಅದೇ ಹಾಡು, ಬರೀ ಭೋಂ ಎನ್ನುತ್ತಿತ್ತು.

“ಲೇ ಮಾಸ್ತರ, ಚೀಲಾ ಇದ್ರ ಮಾತ ಬರತೈತಿ. ಚೀಲಾ ಹೋದ್ರ ಬರೇ ಸಪ್ಪಳ ಬರತೈತಿ,” ಎಂದು ಅವನು ನನಗೆ ಹೇಳಿದ್ದ. ನಾನು ರಂಗಮಂದಿರಗಳ ಬಗ್ಗೆ ಮೂರ್ನಾಲ್ಕು ಪುಸ್ತಕ ಓದಿಕೊಂಡಿದ್ದೆ. ಅವುಗಳಲ್ಲಿ ಇದೇ ವಿಷಯ ನಲವತ್ತು ಪುಟ ಇತ್ತು.

ಹೋದ ವರ್ಷ ದಸರೆಗೆ ಮುಂಚೆ ಊರಿಗೆ ಕಲಾಮಂದಿರ ಆಯಿತು. ನಾನೂರು ಕುರ್ಚಿ, ಇಪ್ಪತ್ತೆರಡು ಸಾಲು. ನಕಾಶೆ ಯಾರದೋ ಮಂಗಲ ಕಾರ್ಯಾಲಯದ್ದು, ಹೆಸರು ಮಾತ್ರ ಬದಲಾಯಿಸಿದ್ದು. ಹಾಗಾಗಿ ಅಡುಗೆಮನೆ ರಂಗಕ್ಕಿಂತ ದೊಡ್ಡದಾಗಿತ್ತು. ಬಣ್ಣ ಹಚ್ಚಿಕೊಳ್ಳುವ ಕೋಣೆಯ ಬಾಗಿಲ ಮೇಲೆ ‘ವಧುವಿನ ಕಡೆಯವರು’ ಎಂದು ಬರೆಯಿಸಿ ಆಗಿತ್ತು, ಅಳಿಸಲು ಯಾರಿಗೂ ಪುರಸತ್ತಾಗಲಿಲ್ಲ. ನೆಲ ಮಟ್ಟಸವಾಗಿತ್ತು. ವೇದಿಕೆ ಐದು ಅಡಿ ಎತ್ತರ, ಮುಂದಿನ ಸಾಲಿಗೆ ನಟರ ಗದ್ದ ಮತ್ತು ಮೂಗಿನ ಹೊಳ್ಳೆ ಚೆನ್ನಾಗಿ ಕಾಣುತ್ತಿದ್ದವು. ಗೋಡೆಗಳಿಗೆ ಆಳೆತ್ತರದವರೆಗೆ ನುಣುಪಾದ ಟೈಲ್ಸ್. ಎಲೆ ಅಡಿಕೆ ಉಗುಳಿದರೆ ಒರೆಸುವುದಕ್ಕೆ ಹಗುರ ಎಂದು ಹಾಗೆ ಮಾಡಿದ್ದು.

ಉದ್ಘಾಟನೆಯ ದಿನ ಎಂಟು ಜನ ಭಾಷಣ ಮಾಡಿದರು. ಮುರಗೆಪ್ಪ ಕಡೇ ಸಾಲಿನಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಟಾವೆಲ್ ಎತ್ತಿಕೊಂಡೇ ಇದ್ದ. ಅತಿಥಿಗಳು ಅದನ್ನು ಸ್ವಾಗತವೆಂದು ತಿಳಿದು ಎರಡು ಸಲ ಕೈ ಬೀಸಿದರು.

ಕಲಾಮಂದಿರದ ಕಮಿಟಿಗೆ ರಾವಸಾಹೇಬರು ಅಧ್ಯಕ್ಷರು. ಜೈನರ ಹಿರಿಯ ಮನೆತನದವರು, ಕಬ್ಬಿನ ಗದ್ದೆ ಇದ್ದವರು, ಕೆಟ್ಟವರಲ್ಲ. ಅವರು ಮಂಡಳವನ್ನು ಕರೆದು ಒಂದು ಮಾತು ಹೇಳಿದರು.

“ನೋಡ್ರಿ, ಮಂದಿ ಮದುವಿಗೆ ಕೇಳಾಕತ್ತಾರ. ನಾ ತಡದೀನಿ. ಮೂರ ನಾಟಕಾ ಮಾಡ್ರಿ. ಮಂದಿ ಬಂದು ಕೂತು ಕೇಳಿದ್ರ ಇದು ಕಲಾಮಂದಿರ. ಇಲ್ಲಂದ್ರ ಮಂಗಲ ಕಾರ್ಯಾಲಯ. ಅಡಗಿಮನಿ ಹೆಂಗೂ ತಯಾರ ಐತಿ.”

ಅದೇ ವಾರ ಮುರಗೆಪ್ಪನಿಗೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ನಲವತ್ತೊಂದು ವರ್ಷದ ತಂಬಾಕಿನ ಧೂಳು ಅವನ ಎದೆಯಲ್ಲಿತ್ತು. ಎಷ್ಟು ತಿಂಗಳು ಎಂದು ಹೇಳಲಾಗದು ಅಂದರಂತೆ. ವರ್ಷದ ಲೆಕ್ಕ ಹೇಳಲಿಲ್ಲ ಎಂಬುದನ್ನು ಅವನು ಗಮನಿಸಿದ್ದ. ದಿನಾ ಸಂಜೆ ಆರಕ್ಕೆ ನಾವಿಬ್ಬರೂ ಹೋಗುವಂತೆ ಹೊಳೆಯ ಕಡೆ ನಡೆದು ಹೋಗುತ್ತ ನನಗೆ ಅದನ್ನು ಹೇಳಿ, ಸ್ವಲ್ಪ ಹೊತ್ತು ಕೆಮ್ಮಿ, ಆಮೇಲೆ ಅಂದ:

“ನಾ ಹೋದ ಮ್ಯಾಲೆ ಅಕಿಗಿ ನಾಟಕಾ ಯಾರ ಹೇಳ್ತಾರ? ನೀ ಹೇಳ್ತಿ?”

“ನನಗ ಬರೂದಿಲ್ಲ.”

“ಗೊತ್ತೈತಿ. ಅದಕ್ಕ ಕಡೇ ಸಾಲಿಗೆ ಕೇಳಿಸಬೇಕು. ಅಕಿ ಅಕಿನ ಕಿವೀಲೆ ಕೇಳ್ಲಿ.”

ಮೊದಲನೆಯ ನಾಟಕ ದಸರೆಗೆ. ಸಂಜೆ ಐದಕ್ಕೆ ಶುರು. ಎಂಟನೆಯ ಸಾಲಿನ ಆಚೆ ಒಂದು ಮಾತು ನಾಲ್ಕಾಗಿ ಹೋಗುತ್ತಿತ್ತು. ಧ್ವನಿವರ್ಧಕದ ಸಂಗ್ರಾಮ ಸಹಾಯ ಮಾಡಲು ದನಿ ಏರಿಸಿದ. ನಾಲ್ಕು ಎಂಟಾಯಿತು. ಜನ ಒಬ್ಬೊಬ್ಬರೇ ಎದ್ದು ಹೊರಗೆ ಚಹಾ ಕುಡಿಯಲು ಹೋದರು. ಮುಗಿದ ಮೇಲೆ ಮುರಗೆಪ್ಪ ಬಂದ.

“ಕಡೇ ಸಾಲಿಗೆ ಒಬ್ಬಾಂವಂದು ಅಷ್ಟ ಕೇಳಿಸ್ತು. ನಿಂದು.”

ನಾನು ಕೂತ ಮೂಲೆಯಲ್ಲಿ ಗೋಡೆ ಹೇಗೋ ತಿರುಗಿತ್ತು. ಪ್ರಾಂಪ್ಟರನ ಪಿಸುಮಾತು ಇಪ್ಪತ್ತೆರಡು ಸಾಲು ದಾಟಿ ನೆಟ್ಟಗೆ ಹೋಗಿತ್ತು. ಗೌರಾಬಾಯಿ ಹಿಂದೆಯೇ ಬಂದು, “ಮಾಸ್ತರ, ಪಾರ್ಟು ಚಲೋ ಮಾಡಿದ್ರಿ,” ಎಂದಳು. ಅದು ಹಾಸ್ಯವೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಸಂಗ್ರಾಮ, “ಕಾಕಾ, ಇನ್ನೆರಡ ಬಾಕ್ಸ್ ಇಡ್ತೀನ್ರಿ,” ಅಂದ.

“ಇದ್ದದ್ದ ಎರಡ ತಗೀಪಾ,” ಅಂದ ಮುರಗೆಪ್ಪ.

ಅವನು ಶಾಲೆಯಿಂದ ನನ್ನ ಖಡು, ಅಂದರೆ ಸೀಮೆಸುಣ್ಣ, ತಗೊಂಡು ಬಂದು, ವೇದಿಕೆಯ ಮೇಲೆ ನನ್ನನ್ನು ನಿಲ್ಲಿಸಿ ಮಗ್ಗಿ ಹೇಳಿಸುತ್ತ, ಒಂದೊಂದು ಕುರ್ಚಿಯಲ್ಲೂ ಕೂತು ನೋಡಿದ. ಮಾತು ತಿಳಿಯದ ಕುರ್ಚಿಗೆ, ತಪ್ಪು ಲೆಕ್ಕಕ್ಕೆ ಅಡ್ಡಗೀಟು ಎಳೆಯುವ ಹಾಗೆ, ಫುಲಿ ಗುರುತು ಹಾಕಿದ. ಮೂರು ದಿನದಲ್ಲಿ ಇನ್ನೂರ ಎಂಬತ್ತು ಕುರ್ಚಿಗಳಿಗೆ ಗುರುತು ಬಿತ್ತು. ನಾಲ್ಕನೆಯ ದಿನ ಯಾವುದೋ ಸಹಕಾರಿ ಸಂಘದ ಸಭೆ ಇತ್ತು. ಸದಸ್ಯರೆಲ್ಲ ಬಿಳಿ ಫುಲಿ ಗುರುತು ಹಿಂದೆ ಹೊತ್ತುಕೊಂಡು ಮನೆಗೆ ಹೋದರು. ರಾವಸಾಹೇಬರೂ ಹೋದರು. ಅವರ ಕುರ್ಚಿ ಮೊದಲ ಸಾಲಿನದೇ, ಆದರೆ ಮೂಲೆಯದು.

ಅದನ್ನು ಕೇಳಲು ರಾವಸಾಹೇಬರು ಕರೆಸಿದಾಗ ಮುರಗೆಪ್ಪ ಚೀಲದ ವಿಷಯ ತೆಗೆದ. ವಖಾರದಲ್ಲಿ ಹಳೆಯ ಗೋಣಿಚೀಲಗಳು ಬಿದ್ದಿದ್ದವು. ಅವನ್ನು ತಂದು ಗೋಡೆಗೆ ಇಳಿಬಿಡಬೇಕು, ನಿರಿಗೆ ಹಿಡಿದು, ಗೋಡೆಗೂ ಚೀಲಕ್ಕೂ ನಡುವೆ ಒಂದು ಗೇಣು ಬಿಟ್ಟು.

“ಮುರಗೆಪ್ಪಾ, ಇದು ಕಲಾಮಂದಿರ ಐತೋ. ವಖಾರ ಅಲ್ಲ,” ಅಂದರು ರಾವಸಾಹೇಬರು.

“ವಖಾರ ಆಗಿದ್ರ ಬರೋಬ್ಬರಿ ಕೇಳಿಸ್ತಿತ್ತ್ರಿ, ಅಣ್ಣಾರ.”

“ನೋಡಿದ ಮಂದಿ ಏನಂತಾರ?”

“ಮಂದಿ ನೋಡಾಕಷ್ಟ ಬರಾಕತ್ತಾರ್ರಿ. ಅದ ತ್ರಾಸ ಆಗೇತಿ.”

ಒಂದು ಸಲಕ್ಕೆ ಮಾತ್ರ ಎಂದು ರಾವಸಾಹೇಬರು ಒಪ್ಪಿದರು. ಡಿಸೆಂಬರಿನಲ್ಲಿ ಎರಡನೆಯ ನಾಟಕ, ಬಲು ದುಃಖದ್ದು. ನೂರ ನಲವತ್ತು ಚೀಲ ಎರಡು ಬದಿಯ ಗೋಡೆಗಳಿಗೆ ಬಂದವು. ದನಿ ನಿಜಕ್ಕೂ ಹದಿನಾರನೆಯ ಸಾಲಿನವರೆಗೆ ಹೋಯಿತು. ಆದರೆ ಆ ಚೀಲಗಳಲ್ಲಿ ಇಪ್ಪತ್ತು ವರ್ಷ ತಂಬಾಕು ಇತ್ತು ಎಂಬುದನ್ನು ಇಡೀ ಊರಿನಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ನಿಪ್ಪಾಣಿಯ ಸುತ್ತ ಹುಟ್ಟಿದವರಿಗೆ ಆ ವಾಸನೆ ವಾಸನೆಯೇ ಅಲ್ಲ. ಫ್ಯಾನ್ ಹಾಕಿದ ಕೂಡಲೇ ಮೊದಲ ಸಾಲು ಸೀನಿತು. ಎರಡನೆಯ ಅಂಕದ ಹೊತ್ತಿಗೆ ನಾನೂರು ಜನರ ಕಣ್ಣಲ್ಲೂ ನೀರು. ಸತ್ತು ಬಿದ್ದಿದ್ದ ತಾಯಿ ಮೂರು ಸಲ ಸೀನಿದಳು. ಆ ಪಾರ್ಟು ಕೋಮಲಳದ್ದು. ಊರ ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಬಹಳ ಮೆಲುದನಿಯವಳು. ಅವಳ ಸೀನು ಕಡೇ ಸಾಲಿಗೆ ಕೇಳಿಸಿತು ಎಂದು ಮುರಗೆಪ್ಪ ಸಮಾಧಾನ ಹೇಳಿದ.

ಕಮಿಟಿಯ ಕೆಲವರು ಮದುವೆಗೆ ತಾರೀಖು ಬರೆದುಕೊಳ್ಳಲು ಶುರು ಮಾಡಬೇಕೆಂದರು. ರಾವಸಾಹೇಬರು ಮೂರು ಅಂದ ಮೇಲೆ ಮೂರು ಅಂದರು. ಗೌರಾಬಾಯಿಯೂ ವಖಾರದ ಹೆಣ್ಣುಮಕ್ಕಳೂ ಸೇರಿ ಎಲ್ಲ ಚೀಲಗಳನ್ನು ಹೊಳೆಗೆ ಒಯ್ದು ನಾಲ್ಕು ಸಲ ಒಗೆದರು. ಸಂಕ್ರಾಂತಿಯ ಬಿಸಿಲಿಗೆ ಒಣಗಿಸಿ ತಂದರು. ಮುರಗೆಪ್ಪ ಏಣಿ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು ಎಲ್ಲಿ ಗೇಣು ಕಡಿಮೆಯಾಯಿತು, ಎಲ್ಲಿ ನಿರಿಗೆ ಸಾಲದು ಎಂದು ಕೈಸನ್ನೆ ಮಾಡಿದ. ಕಟ್ಟಿ ಮುಗಿದ ಮೇಲೆ ಕೋಮಲಳನ್ನು ವೇದಿಕೆಯ ಮೇಲೆ ನಿಲ್ಲಿಸಿ ಒಂದು ಮಾತು ಆಡಿಸಿದ, ತಾನು ಸಾಲಿನಿಂದ ಸಾಲಿಗೆ ಹಿಂದೆ ಸರಿದ. ಇಪ್ಪತ್ತನೆಯ ಸಾಲಿನಲ್ಲಿ ಟಾವೆಲ್ ಮೇಲೆ ಹೋಯಿತು.

“ಇನ್ನ ಮೂರ ಸಾಲ,” ಅಂದ. ಮುಂದಿನ ವಾರ ನೋಡೋಣ ಅಂದ.

ಆ ವಾರದಲ್ಲೇ ಸತ್ತ. ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿ ಕೂತಿದ್ದ. ಗೌರಾಬಾಯಿ ನನಗೆ ಹೇಳಿಕಳಿಸಿದಳು. ನಾನು ಹೋದಾಗ ಟಾವೆಲ್ ಹೆಗಲ ಮೇಲೇ ಇತ್ತು. ಮಧ್ಯಾಹ್ನ ಮಣ್ಣು ಆಯಿತು. ಸಂಜೆ ಆರಕ್ಕೆ ನಾನು ಹೊಳೆಗೆ ಹೋಗಲು ಚಪ್ಪಲಿ ಹಾಕಿಕೊಂಡೆ. ಈಗಲೂ ಒಮ್ಮೊಮ್ಮೆ ಹಾಕಿಕೊಂಡು, ಬಿಟ್ಟು, ಒಳಗೆ ಬರುತ್ತೇನೆ.

ಶ್ರದ್ಧಾಂಜಲಿ ಸಭೆಯನ್ನು ಕಲಾಮಂದಿರದಲ್ಲೇ ಇಡಬೇಕೆಂದು ರಾವಸಾಹೇಬರು ನಿಶ್ಚಯಿಸಿದರು. ಒಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಹಿಂದಿನ ದಿನ ಅವರೇ ನಿಂತು ಸ್ವಚ್ಛ ಮಾಡಿಸಿದರು. ನಾನು ಹೋಗಿ ನೋಡಿದಾಗ ಟೈಲ್ಸು ಫಿನೈಲ್ ಹಾಕಿ ಒರೆಸಿ ಹೊಳೆಯುತ್ತಿದ್ದವು. ನೂರ ನಲವತ್ತು ಚೀಲ ಮಡಚಿ ಅಡುಗೆಮನೆಯಲ್ಲಿ ಇಡಲಾಗಿತ್ತು.

“ಚೀಲಾ ತಗಸಿದ್ರಿ?” ಅಂದೆ.

“ಮಾಸ್ತರ, ಅಂಥಾ ಮನಷ್ಯಾನ ಸಭಾದಾಗ ಹರಕ ಚೀಲಾ ಜೋತಾಡಿದ್ರ ಮಾನ ಇರತೈತೇನ್ರಿ?” ಅಂದರು. ಅವರ ಕಣ್ಣು ಕೆಂಪಾಗಿದ್ದವು. ತಂಬಾಕು ಆಗಲೇ ತೊಳೆದುಹೋಗಿತ್ತು, ಆದ್ದರಿಂದ ಕಾರಣ ಬೇರೆ. ಆ ಹೊತ್ತಿಗೆ ನನಗೂ ಅದು ಸರಿ ಅನ್ನಿಸಿತ್ತು.

ಗೌರಾಬಾಯಿಗೆ ಮೊದಲ ಸಾಲಿನಲ್ಲಿ ಕುರ್ಚಿ ಇಟ್ಟಿದ್ದರು. ಆಕೆ ಅದನ್ನು ನೋಡಿ, ನಡೆದು ಹೋಗಿ ಇಪ್ಪತ್ತೆರಡನೆಯ ಸಾಲಿನಲ್ಲಿ ವಖಾರದ ಹೆಣ್ಣುಮಕ್ಕಳ ನಡುವೆ ಕೂತಳು. ಸಂಗ್ರಾಮ ಮೈಕು ಹಚ್ಚಿದ. ರಾವಸಾಹೇಬರು ಮಾತಾಡಿದರು. ಮುರಗೆಪ್ಪ ಎಂಬ ಹೆಸರು ನಾಲ್ಕು ಗೋಡೆಗೆ ಬಡಿದು ನಾಲ್ಕು ಸಲ ಬಂತು, ಉಳಿದದ್ದು ತಿಳಿಯಲಿಲ್ಲ. ಆಮೇಲೆ ನನ್ನ ಸರದಿ. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಎರಡನೆಯ ವಾಕ್ಯ ಓದುತ್ತಿದ್ದಾಗ ಕಡೇ ಸಾಲಿನಲ್ಲಿ ಬಿಳಿ ಟಾವೆಲ್ ಮೇಲೆ ಎದ್ದಿತು.

ನಾನು ನಿಲ್ಲಿಸಿದೆ. ಮೂವತ್ತು ವರ್ಷದ ರೂಢಿ. ಅದೇ ವಾಕ್ಯವನ್ನು ಮತ್ತೆ ಓದಿದೆ. ಟಾವೆಲ್ ಇಳಿಯಲಿಲ್ಲ. ಮೂರನೆಯ ಸಲ ಓದಿದೆ. ಟಾವೆಲ್ ಹಿಡಿದ ಗೌರಾಬಾಯಿ ಅಲ್ಲಿಂದ ಏನೋ ಅಂದಳು, ಅದು ನನಗೆ ಕೇಳಿಸಲಿಲ್ಲ. ಆಕೆಯ ಮಾತನ್ನು ಸಾಲಿನಿಂದ ಸಾಲಿಗೆ ಜನ ಮುಂದಕ್ಕೆ ದಾಟಿಸಿದರು. ಮೊದಲ ಸಾಲಿಗೆ ಬಂದು ಮುಟ್ಟಿದಾಗ ಅದು ಇಷ್ಟಿತ್ತು: “ಕೇಳಿಸವಲ್ದಂತ.”

ರಾವಸಾಹೇಬರು ವೇದಿಕೆಯ ಮೇಲೆ ನನ್ನ ಕಡೆ ಬಾಗಿ, “ಏನ ಮಾಡೂಣ್ರಿ?” ಎಂದರು.

“ಚೀಲಾ ಕಟ್ಟಬೇಕ್ರಿ.”

“ಅಕಿ ಹಂಗಂದ್ಳು?”

“ಇಲ್ರಿ. ಅಂವ ಇದ್ರ ಹಂಗ ಅಂತಿದ್ದ.”

ಅವರು ಗೋಡೆಗೆ ಹಾರ ಹಾಕಿ ತೂಗುಹಾಕಿದ್ದ ಮುರಗೆಪ್ಪನ ಫೋಟೋ ನೋಡಿದರು. ಆಮೇಲೆ ಮೈಕು ಬಂದ್ ಮಾಡಿಸಿ, ವೇದಿಕೆಯಿಂದ ಇಳಿದು ಅಡುಗೆಮನೆಗೆ ಹೋಗಿ, ಎರಡು ಚೀಲ ಎದೆಗೆ ಒತ್ತಿಕೊಂಡು ಹೊರಗೆ ಬಂದರು. ಬಿಳಿ ಬಟ್ಟೆಯ ಇನ್ನೂರು ಜನ ಎದ್ದರು. ಏಣಿ ಒಂದೇ ಇತ್ತು, ಉಳಿದವರು ಕುರ್ಚಿಯ ಮೇಲೆ ನಿಂತರು. ಒಂದು ಮೊಳೆ ಕಡಿಮೆ ಬಿತ್ತು. ಫೋಟೋ ತೂಗುಹಾಕಿದ್ದ ಮೊಳೆ ಕಿತ್ತುಕೊಂಡರು. ಹಾರ ಹಾಕಿದ ಮುರಗೆಪ್ಪನನ್ನು ಕಡೇ ಸಾಲಿನಲ್ಲಿ ಖಾಲಿ ಇದ್ದ ಕುರ್ಚಿಯಲ್ಲಿ ಕೂಡಿಸಿದರು. ಗೌರಾಬಾಯಿ ಎದ್ದು ನಿಂತು ಹೇಳಿದಳು:

“ಹಿಂದಿನ ಗ್ವಾಡಿಗೂ ಕಟ್ಟ್ರಿ. ಮೂರ ಸಾಲ ಅದರಿಂದ ಕೆಟ್ಟಾವಂತ. ಅವರು ಮನ್ಯಾಗ ಅಂದಿದ್ರು.”

ಹಿಂದಿನ ಗೋಡೆಗೆ ಚೀಲ ಸಾಲಲಿಲ್ಲ. ಹೆಣ್ಣುಮಕ್ಕಳು ಹೊದ್ದುಕೊಂಡು ಬಂದಿದ್ದ ಶಾಲು ಕೊಟ್ಟರು, ಯಾರೋ ಜೀಪಿಗೆ ಹೊದಿಸಿದ್ದ ತಾಡಪತ್ರಿ ತಂದರು. ಎಲ್ಲ ಕಟ್ಟಿ ಕೂರುವ ಹೊತ್ತಿಗೆ ಐವತ್ತು ನಿಮಿಷ ಹೋಗಿತ್ತು. ನಾನು ಮೈಕಿಲ್ಲದೆ ಮೊದಲಿನಿಂದ ಓದಿದೆ. ದನಿ ಸಣ್ಣದಾಗಿತ್ತು. ಎರಡು ಪುಟ ಮುಗಿಯುವವರೆಗೆ ಟಾವೆಲ್ ಏಳಲಿಲ್ಲ.

ಸಭೆ ಮುಗಿದ ಮೇಲೆ ಆಕೆ ನನ್ನ ಹತ್ತಿರ ಬಂದಳು.

“ಎಲ್ಲಾ ಕೇಳಿಸ್ತ್ರಿ ಮಾಸ್ತರ. ರಂಗದ ಸೇವಕ ಅಂದ್ರಿ, ಕಲಾಪ್ರೇಮಿ ಅಂದ್ರಿ. ಹಮಾಲ ಇದ್ರು ಅನ್ನೂದು ಬರಲಿಲ್ಲಲಾ?”

“ನಾ ಬರಕೊಂಡಿರಲಿಲ್ಲ ಗೌರಕ್ಕ.”

“ಹೌದ? ನನಗ ಕೇಳಿಸಲಿಲ್ಲೋ, ನೀವ ಅನ್ನಲಿಲ್ಲೋ ಗೊತ್ತಾಗಲಿಲ್ಲ. ಅದಕ್ಕ ಕೇಳಿದ್ಯಾ,” ಎಂದಳು.

ಮುಂದಿನ ಕಮಿಟಿ ಸಭೆಯಲ್ಲಿ ಮದುವೆಯ ಮಾತು ಮತ್ತೆ ಬಂದಾಗ ರಾವಸಾಹೇಬರು, “ಇನ್ನೂರ ಮಂದಿ ಕೂಡಿ ಚೀಲಾ ಕಟ್ಟ್ಯಾರ. ಬಿಚ್ಚಾಕ ಯಾರ್ನ ಕರೀಲಿ?” ಅಂದರು. ಶಾಲುಗಳನ್ನು ವಾಪಸು ಕೊಟ್ಟು ಆ ಜಾಗಕ್ಕೂ ಚೀಲ ತರಿಸಿದರು.

ಮೂರನೆಯ ನಾಟಕ ಕಬ್ಬಿನ ಹಂಗಾಮು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಆಯಿತು. ನನ್ನ ಆ ಹಳೆಯ ರಾಜನ ನಾಟಕವೇ. ವಖಾರದ ಹೆಣ್ಣುಮಕ್ಕಳು ರೂಢಿಯಂತೆ ತಡವಾಗಿ ಬಂದು ಇಪ್ಪತ್ತೆರಡನೆಯ ಸಾಲಿನಲ್ಲಿ ಕೂತರು. ಮುಂದೆ ಐದಾರು ಕುರ್ಚಿ ಖಾಲಿ ಇದ್ದವು, ಕರೆದರೂ ಬರಲಿಲ್ಲ. ರಾಣಿಯ ಪಾರ್ಟು ಕೋಮಲಳದು, ಮೈಕಿಲ್ಲ. ನಾನು ಪರದೆಯ ಮರೆಯಿಂದ ಆಗಾಗ ಕಡೇ ಸಾಲು ನೋಡುತ್ತಿದ್ದೆ. ಟಾವೆಲ್ ಗೌರಾಬಾಯಿಯ ತೊಡೆಯ ಮೇಲೆ ಮಡಚಿಕೊಂಡೇ ಇತ್ತು. ಕೊನೆಯ ಅಂಕದಲ್ಲಿ ರಾಜ ಬಿದ್ದ. ರಾಣಿ ಅವನು ಹೋದ ಎಂದು ಹೇಳುವ ಮಾತು ಬಹಳ ಮೆಲ್ಲಗೆ ಬರುತ್ತದೆ. ಅದು ಬಂತು. ಆಕೆ ಟಾವೆಲ್ ಎತ್ತಲಿಲ್ಲ.

ಜನ ಹೋಗುತ್ತಿರುವಾಗ ನಾನು ಹಿಂದಕ್ಕೆ ಹೋದೆ. ಆಕೆ ಇನ್ನೂ ಕೂತಿದ್ದಳು.

“ಕೇಳಿಸ್ತೇನು ಗೌರಕ್ಕ?”

“ಎಲ್ಲಾ ಕೇಳಿಸ್ತ್ರಿ.” ಆಮೇಲೆ ಕೇಳಿದಳು: “ರಾಜಾ ಸತ್ತಾನ?”

“ಹೌದು.”

“ಮದಲೂ ಸತ್ತಿದ್ದನ?”

“ಹೌದು. ಮದಲಿನಿಂದನೂ ಹಂಗ ಐತಿ.”

ಆಕೆ ಟಾವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡು ಎದ್ದಳು.

“ಬಿದ್ದದ್ದು ನಾ ಆಗ ನೋಡಿದ್ದೆ,” ಎಂದಳು. “ಮೂರ್ಛಿ ಬಂದೈತಿ ಅಂದಿದ್ರು ಅವರು.”